ಬುಲ್ ನೋಸ್, ಪಿನ್ ಇಂಡೆಕ್ಸ್ ಮತ್ತು ನಾಲ್ಕು ನಿಮಿಷ

ಜುಲೈ ಮಳೆ. ರಾತ್ರಿ 9.40ಕ್ಕೆ ನಮ್ಮ ಆಂಬುಲೆನ್ಸಿಗೆ ಕೇಸ್ ಅಸೈನ್ ಆಯಿತು: ಎಸ್ಟೇಟ್ ಲೈನಿನಲ್ಲಿ (ಕೂಲಿಯವರ ಸಾಲುಮನೆ) ಅರವತ್ತು ದಾಟಿದ ಒಬ್ಬರಿಗೆ ಉಸಿರಾಟದ ತೊಂದರೆ. ನಮ್ಮ ಬೇಸ್‌ನಿಂದ 34 ಕಿಲೋಮೀಟರ್. ಆ ಲೈನಿಗೆ ಬರೀ 6 ಕಿಲೋಮೀಟರ್ ದೂರದ ಆಸ್ಪತ್ರೆಯ ಅಂಗಳದಲ್ಲಿ ಆ ಆಸ್ಪತ್ರೆಯದೇ ಇನ್ನೊಂದು ಆಂಬುಲೆನ್ಸ್ ಖಾಲಿ ನಿಂತಿತ್ತು. ನಮಗೆ ಕೇಸ್ ಕೊಡುವ ಬೆಂಗಳೂರಿನ ಕಂಟ್ರೋಲ್ ರೂಮಿನ ಸ್ಕ್ರೀನಿನಲ್ಲಿ ಅದು ಕಾಣುವುದಿಲ್ಲ. ಅದಕ್ಕೆ ಹೋಗು ಅನ್ನಬೇಕಾದವರು ಆ ಆಸ್ಪತ್ರೆಯ ವೈದ್ಯಾಧಿಕಾರಿ, ಡೀಸೆಲ್ ದುಡ್ಡು ಆ ಆಸ್ಪತ್ರೆ ಮಟ್ಟದ ಆರೋಗ್ಯ ರಕ್ಷಾ ಸಮಿತಿಯದು. ಡ್ರೈವರ್ ನಂಬರ್ ನನ್ನ ಮೊಬೈಲಿನಲ್ಲಿತ್ತು. ಕೇಸ್ ನಮ್ಮದು ಎಂದು ನಾನು ಫೋನ್ ಮಾಡಲಿಲ್ಲ. ನಾವು ಮುಟ್ಟಿದ್ದು 10.30ಕ್ಕೆ. 6 ಕಿಲೋಮೀಟರ್ ಆಚೆ ಸಿಲಿಂಡರ್ ಇದ್ದರೂ ಆ ಮನುಷ್ಯ 50 ನಿಮಿಷ ಆಕ್ಸಿಜನ್ ಇಲ್ಲದೆ ಕೂತಿದ್ದರು.

ರಕ್ತದ ಆಕ್ಸಿಜನ್ ಸ್ಯಾಚುರೇಶನ್ 78. ಎದೆಯಲ್ಲಿ ಗೊರಗೊರ. ಮಲಗಿಸದೆ, ಕಾಲು ಇಳಿಬಿಟ್ಟು ಕೂರಿಸಿದ್ದರು. ಮನೆಯವರು ಮಾಡಿದ ಆ ಒಂದು ಕೆಲಸ ಬಹಳ ದೊಡ್ಡದು. ಎನ್‌ಆರ್‌ಬಿಎಂ (ಚೀಲವಿರುವ ಆಕ್ಸಿಜನ್ ಮಾಸ್ಕ್) ಹಾಕಿ ನಿಮಿಷಕ್ಕೆ 10 ಲೀಟರ್ ಬಿಟ್ಟೆವು. ಸಿಲಿಂಡರಿನ ಒತ್ತಡ ತೋರಿಸುವ ಗೇಜ್ 70 ತೋರಿಸುತ್ತಿತ್ತು. ಹತ್ತಿರದ ಆಸ್ಪತ್ರೆಗೆ ತಾನೇ, ಸಾಕು ಎಂದುಕೊಂಡೆ. ಎರಡನೇ ತಪ್ಪು ಅದು.

ಲೆಕ್ಕ ಸರಳ. ನಮ್ಮ ಬಿ ಟೈಪ್ ಸಿಲಿಂಡರಿನ ನೀರಿನ ಅಳತೆ, ಅಂದರೆ ಒಳಗೆ ಹಿಡಿಯುವ ನೀರು, 10 ಲೀಟರ್. ಗೇಜ್ ಅಂಕಿಯನ್ನು 10ರಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್. ತುಂಬಿದ್ದರೆ 150, ಅಂದರೆ 1500 ಲೀಟರ್. ಕೊನೆಯ 20 ಅನ್ನು ಲೆಕ್ಕಕ್ಕೆ ಹಿಡಿಯಬಾರದು. 70 ಇದ್ದರೆ ಕೈಗೆ ಸಿಗುವುದು 500 ಲೀಟರ್, 10ರ ಫ್ಲೋನಲ್ಲಿ 50 ನಿಮಿಷ. ಲೈನಿನಿಂದ ಸ್ಟ್ರೆಚರ್ ಹೊತ್ತು ತರಲು, ಕೆಸರು ರಸ್ತೆ ದಾಟಲು ಅರ್ಧ ಗಂಟೆ ಹೋಯಿತು. ಆಸ್ಪತ್ರೆ ಮುಟ್ಟಿದಾಗ ಗೇಜ್ 40. ಅಲ್ಲಿ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ರೆಫರ್ ಮಾಡಿದರು. ಮಳೆಯಲ್ಲಿ ಒಂದು ಗಂಟೆಗೂ ಮೇಲಿನ ದಾರಿ, ನಮ್ಮಲ್ಲಿ ಉಳಿದದ್ದು 20 ನಿಮಿಷ. ಎನ್‌ಆರ್‌ಬಿಎಂನಲ್ಲಿ ಫ್ಲೋ ಇಳಿಸಿದರೆ ಚೀಲ ಮುದುಡಿ ಮಾಸ್ಕ್ ಕೆಲಸ ಮಾಡುವುದಿಲ್ಲ. ಸಾದಾ ಮಾಸ್ಕಿಗೆ ಬದಲಿಸಿ 6 ಲೀಟರಿಗೆ ಇಳಿಸಿದರೂ 33 ನಿಮಿಷ ಅಷ್ಟೇ.

ಅಂಗಳದ ಆಂಬುಲೆನ್ಸಿನಲ್ಲಿ ತುಂಬಿದ ಬಿ ಟೈಪ್ ಇತ್ತು. ಸಿಲಿಂಡರಿನ ಬಾಯಿಗೆ ಕೂರಿಸುವ, ಒತ್ತಡ ಇಳಿಸುವ ನಮ್ಮ ರೆಗ್ಯುಲೇಟರ್ ಬಿಚ್ಚಿಕೊಂಡು ಓಡಿದೆ. ಕೂರಲಿಲ್ಲ. ನಮ್ಮದು ಪಿನ್ ಇಂಡೆಕ್ಸ್: ರೆಗ್ಯುಲೇಟರಿನ ಹಿಡಿಯುವ ಚೌಕಟ್ಟಾದ ಯೋಕ್‌ನಲ್ಲಿರುವ ಎರಡು ಪಿನ್ ವಾಲ್ವಿನ ಎರಡು ತೂತಿಗೆ ಸರಿಯಾಗಿ ಕೂತು, ನಡುವೆ ವಾಷರ್ ಒತ್ತಿಕೊಳ್ಳಬೇಕು. ಅವರದು ಬುಲ್ ನೋಸ್: ಥ್ರೆಡ್ಡಿನಲ್ಲಿ ಕೂರಿಸಿ ಸ್ಪ್ಯಾನರಿನಲ್ಲಿ ಬಿಗಿ ಮಾಡುವಂಥದ್ದು. ನಮ್ಮದು ರಾಜ್ಯದ ಟೆಂಡರಿನಲ್ಲಿ ಬಂದದ್ದು, ಅವರದು ಸಮಿತಿ ಹಣದಲ್ಲಿ ಇಲ್ಲೇ ಕೊಂಡದ್ದು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ನಾಲ್ಕು ನಿಮಿಷ. ಅಷ್ಟೂ ಹೊತ್ತು ನಮ್ಮ ಗಾಡಿಯಲ್ಲಿ ಪೇಷಂಟ್ ಚಿಕ್ಕ ಪೋರ್ಟಬಲ್ ಸಿಲಿಂಡರಿನ ಮೇಲಿದ್ದರು. ಆ ಡ್ರೈವರ್ ಅಣ್ಣ ಬಂದು, “ಸಿಸ್ಟರ್, ಅದನ್ಯಾಕೆ ಹಾಕ್ತೀರಾ? ನಮ್ಮ ರೆಗ್ಯುಲೇಟರ್ ಸಮೇತ ಸಿಲಿಂಡರ್ ಎತ್ಕೊಂಡು ಹೋಗಿ” ಅಂದರು. ಕ್ಲಾಂಪ್ ಸಡಿಲಿಸಿ, ಎತ್ತಿ ತಂದು, ಮಾಸ್ಕಿನ ಟ್ಯೂಬ್ ಸಿಕ್ಕಿಸಿದರೆ ಮುಗಿಯಿತು. ಹಾಸನದಲ್ಲಿ ಹ್ಯಾಂಡೋವರ್ ಮಾಡುವಾಗ ಸ್ಯಾಚುರೇಶನ್ 91.

ಆಂಬುಲೆನ್ಸ್ ಯಾರ ಕೈಯಲ್ಲಿರಬೇಕು ಎಂಬ ವಾದ ನಮ್ಮ ಮೀಟಿಂಗುಗಳಲ್ಲಿ ಮುಗಿಯುವುದೇ ಇಲ್ಲ. ಸಂವಿಧಾನದ ಏಳನೇ ಅನುಸೂಚಿ ಆರೋಗ್ಯ, ಆಸ್ಪತ್ರೆಗಳನ್ನು ರಾಜ್ಯಪಟ್ಟಿಯಲ್ಲಿ ಇಟ್ಟಿದೆ. 1992ರ 73ನೇ ತಿದ್ದುಪಡಿ ತಂದ ಹನ್ನೊಂದನೇ ಅನುಸೂಚಿಯಲ್ಲಿ, ಪಂಚಾಯತ್‌ಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಅದೇ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಎಲ್ಲವನ್ನೂ ಸ್ಥಳೀಯರಿಗೆ ಕೊಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆ ಗಾಡಿಯಲ್ಲಿ ಡ್ರೈವರ್ ಮಾತ್ರ, ಇಎಂಟಿ (ತುರ್ತು ಚಿಕಿತ್ಸೆಯ ತರಬೇತಿ ಪಡೆದವರು) ಇಲ್ಲ. ಸಮಿತಿಯಲ್ಲಿ ಹಣ ಮುಗಿದರೆ ಗಾಡಿ ನಿಲ್ಲುತ್ತದೆ. ಪ್ರಭಾವ ಇದ್ದವರ ಫೋನ್ ಬಂದರೆ ಮೊದಲು ಅತ್ತ ಹೊರಡುತ್ತದೆ. ತರಬೇತಿ, ಸಂಬಳ, ಸಲಕರಣೆ ರಾಜ್ಯದ ಕೈಯಲ್ಲೇ ಇರಲಿ. ಆದರೆ ಯಾವ ಗಾಡಿ, ಯಾವ ದಾರಿ ಎಂಬುದನ್ನು ತಾಲ್ಲೂಕಿನಲ್ಲಿ ಕೂತವರೇ ತೀರ್ಮಾನಿಸಬೇಕು. ದೋಣಿಗಾಲ್ ಬಳಿ ಮಣ್ಣು ಜಾರಿದ್ದು ಸಕಲೇಶಪುರದ ಆಟೋದವರಿಗೆ ಮೊದಲು ಗೊತ್ತಾಗುತ್ತದೆ, ಮ್ಯಾಪಿಗೆ ಆಮೇಲೆ. ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದ ಕೇಸಿಗೆ ಘಾಟಿ ಕೆಳಗಿನ ಗಾಡಿ ಮ್ಯಾಪಿನಲ್ಲಿ ಹತ್ತಿರ ಕಾಣಬಹುದು. ಮಂಜು ಕವಿದ ಹೇರ್‌ಪಿನ್ ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿದ್ದರೆ ಅದು ಬರುವುದೇ ಇಲ್ಲ. ಇನ್ನು ಹೊಸಹಳ್ಳಿ ಎಂಬ ಊರು ಎಷ್ಟು ತಾಲ್ಲೂಕಿನಲ್ಲಿಲ್ಲ!

ಈಗ ನಮ್ಮ ಗಾಡಿಯಲ್ಲಿ ಕೇಸ್ ಬಿದ್ದ ಕೂಡಲೇ ಮೂರು ಫೋನ್ ಹೋಗುತ್ತವೆ. ಮೊದಲು ಕರೆ ಮಾಡಿದವರಿಗೆ: ಎಸ್ಟೇಟ್ ಹೆಸರು, ಯಾವ ಗೇಟು, ರೈಟರ್ (ಎಸ್ಟೇಟಿನ ಕೆಲಸ ನೋಡಿಕೊಳ್ಳುವವರು) ನಂಬರ್, ಜೀಪಿನಲ್ಲಿ ಟಾರ್ ರಸ್ತೆಯವರೆಗೆ ಕೂರಿಸಿಕೊಂಡು ಬರಲು ಆಗುತ್ತದಾ ಎಂದು. ನಂತರ ಹತ್ತಿರದ ಆಸ್ಪತ್ರೆ ಡ್ರೈವರ್‌ಗೆ. ಹೊರಡಲು ಹೇಳುವ ಅಧಿಕಾರ ನಮಗಿಲ್ಲ, ಹಾಗಾಗಿ ಡ್ಯೂಟಿ ಡಾಕ್ಟರ ಕೈಗೆ ಫೋನ್ ಕೊಡಿ ಅನ್ನುತ್ತೇವೆ. ಕೊನೆಗೆ ಕಂಟ್ರೋಲ್ ರೂಮಿಗೆ: ದಾರಿಯಲ್ಲಿ ಪೇಷಂಟನ್ನು ಆಸ್ಪತ್ರೆ ಗಾಡಿಯಿಂದ ನಮ್ಮ ಗಾಡಿಗೆ ಬದಲಾಯಿಸಿಕೊಳ್ಳುತ್ತೇವೆ, ಕೇಸ್ ಐಡಿಯಲ್ಲಿ ಬರೆದುಕೊಳ್ಳಿ ಎಂದು. ಬರೆಸದಿದ್ದರೆ ಸ್ಥಳಕ್ಕೆ ಹೋಗಲಿಲ್ಲ ಎಂದು ಮರುದಿನ ನೋಟಿಸ್ ಬರುತ್ತದೆ. ಇದಕ್ಕಂತೂ ಆ್ಯಪಿನಲ್ಲಿ ಒಂದು ಬಟನ್ ಕೊಡಲೇಬೇಕು. ನೈಟ್ ಶಿಫ್ಟ್ ಹತ್ತುವಾಗ ಗೇಜ್ 100ಕ್ಕಿಂತ ಕೆಳಗಿದ್ದರೆ ಸಿಲಿಂಡರ್ ಬದಲಿಸಿಯೇ ಸಹಿ.

ಬುಲ್ ನೋಸ್ ರೆಗ್ಯುಲೇಟರಿಗೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದೆವು. ಪಟ್ಟಿಯಲ್ಲಿ ಆ ಐಟಂ ಇಲ್ಲ ಎಂದು ವಾಪಸ್ ಬಂತು. ಸದ್ಯಕ್ಕೆ ಆ ಡ್ರೈವರ್ ಅಣ್ಣ ಕೊಟ್ಟ ಹಳೆಯದೊಂದು, ಸ್ಪ್ಯಾನರ್ ಮತ್ತು ಎರಡು ವಾಷರ್ ಜೊತೆ, ಬಟ್ಟೆ ಸುತ್ತಿ ಸೀಟಿನ ಕೆಳಗಿದೆ.