ಮದುವೆ ಕಾರ್ಡಿನ ಮೇಲೆ ಅಚ್ಚಾದ ಮುಂಬಯಿ

ಮುಂಬಯಿ ನೋಡಲು ಬರುತ್ತೇವೆ ಎಂದು ಊರಿಂದ ಫೋನ್ ಬಂದರೆ ಎಷ್ಟು ಜನ ಅಂತ ನಾನು ಕೇಳುವುದಿಲ್ಲ, ಯಾವ ವಾರ ಅಂತ ಕೇಳುತ್ತೇನೆ. ಎಲಿಫೆಂಟಾ ಗುಹೆಗಳು ಸೋಮವಾರ ಬಂದ್. ರಾಣಿಬಾಗ್ ಮೃಗಾಲಯ ಬುಧವಾರ ಬಂದ್. ಮಂಗಳವಾರ ಸಿದ್ಧಿವಿನಾಯಕನ ಕಡೆ ಹೋದರೆ ಅರ್ಧ ದಿನ ಸಾಲಿನಲ್ಲೇ ಕಳೆಯಿತು. ಭಾನುವಾರ ಇವೆಲ್ಲ ತೆರೆದಿರುತ್ತವೆ, ಆದರೆ ಅವತ್ತು ಲೋಕಲ್‌ಗೆ ಮೆಗಾಬ್ಲಾಕ್. ಹಳಿ ರಿಪೇರಿಗೆ ಅಂತ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ, ಕೆಲವನ್ನು ರದ್ದೇ ಮಾಡುತ್ತಾರೆ. ಡೊಂಬಿವಲಿಯಲ್ಲಿ ಮನೆ, ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಏಕಾದಶಿ ಯಾವತ್ತು ಅಂತ ಕೇಳಿದರೆ ತಡವರಿಸಿಯೇನು, ಇದು ಮಾತ್ರ ಬಾಯಿಪಾಠ.

ಮಾಮಾ, ಅಂದರೆ ಅಕ್ಕನ ಗಂಡ, ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವರು. ದಸರಾ ರಜೆಗೆ ಅಕ್ಕ, ಮಗಳು, ಸಣ್ಣ ಮಗನ ಜೊತೆ ಅವ್ವನನ್ನೂ ಕರೆದುಕೊಂಡು ಬರುತ್ತೇವೆ ಎಂದವರು ಬರುವ ಮೊದಲೇ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಯಾರದೋ ಮದುವೆ ಕಾರ್ಡು ಹಾಕಿ ಉಳಿದ ಹಳದಿ ಹಾಳೆ, ಮೇಲೆ ಗಣಪತಿ, ಕೆಳಗೆ "ಮುಂಬಯಿ ಪ್ರವಾಸದ ಕಾರ್ಯಕ್ರಮ". ಶನಿವಾರ ಗೇಟ್‌ವೇ ಮತ್ತು ವಸ್ತುಸಂಗ್ರಹಾಲಯ, ಭಾನುವಾರ ಎಲಿಫೆಂಟಾ, ಸೋಮವಾರ ಸಿದ್ಧಿವಿನಾಯಕ, ಮಂಗಳವಾರ ರಾಣಿಬಾಗ್. ಮನೆಮಂದಿಗೆಲ್ಲ ಒಂದೊಂದು ಪ್ರತಿ. ಅವ್ವನಿಗೆ ಓದಲು ಬರಲೆಂದು ಅವಳದು ಮಾತ್ರ ದಪ್ಪಕ್ಷರದಲ್ಲಿ. ವಾರಗಳೆಲ್ಲ ಸರಿಯಾಗಿದ್ದವು, ನಾನೇ ಫೋನಿನಲ್ಲಿ ಹೇಳಿದ್ದು.

ಸೊಲ್ಲಾಪುರದ ಮೇಲೆ ಬರುವ ರಾತ್ರಿ ಗಾಡಿ ಶನಿವಾರ ಬೆಳಿಗ್ಗೆ ಕಲ್ಯಾಣಕ್ಕೆ ಬರಬೇಕಿತ್ತು. ಎಂಜಿನ್ ಕೆಟ್ಟು ಯಾವುದೋ ಸಣ್ಣ ಸ್ಟೇಶನ್ನಿನಲ್ಲಿ ನಿಂತಿತಂತೆ. ನಾನು ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಎರಡು ಸಲ ಚಹಾ, ಒಂದು ವಡಾಪಾವ್ ಮುಗಿಸಿ, ಮನೆಗೆ ಹೋಗಿ ಅನ್ನಕ್ಕಿಟ್ಟು ಮತ್ತೆ ಬಂದೆ. ಮಧ್ಯಾಹ್ನದ ಬಿಸಿಲಲ್ಲಿ ಇಳಿದರು. ಅಕ್ಟೋಬರ್ ಬಿಸಿಲು, ಮಳೆ ಹೋಗಿ ಚಳಿ ಬರುವ ಮುಂಚಿನ ಮುಂಬಯಿಯ ಕೆಟ್ಟ ಸೆಕೆ. ಅವತ್ತು ಸ್ನಾನ, ಊಟ, ನಿದ್ದೆ, ಅಷ್ಟೇ.

ರಾತ್ರಿ ಮಾಮಾ ಹಾಳೆ ಬಿಚ್ಚಿಟ್ಟು ಪೆನ್ನು ತೆಗೆದರು. "ಎಲ್ಲಾ ಒಂದೊಂದು ದಿನ ಮುಂದ ಸರಸಿದ್ರ ಆತು."

"ಮಾಮಾ, ಹಂಗ ಸರಸಿದ್ರ ಎಲಿಫೆಂಟಾ ಸೋಮವಾರಕ್ಕ ಬರ್ತೈತ್ರಿ, ಬಂದ್ ಇರ್ತೈತಿ. ರಾಣಿಬಾಗ್ ಬುಧವಾರಕ್ಕ ಬರ್ತೈತಿ, ಅದೂ ಬಂದ್. ಸಿದ್ಧಿವಿನಾಯಕ ಮಂಗಳವಾರ, ಜಗತ್ತs ಅಲ್ಲಿ ಇರ್ತೈತಿ."

ಎರಡು ಬಂದ್‌ಗಳನ್ನು ಒಪ್ಪಿಕೊಂಡರು. ಮೂರನೆಯದನ್ನು ಒಪ್ಪಲಿಲ್ಲ. ಮಂಗಳವಾರ ಗಣಪ್ಪನ ವಾರ. ಸೋಮವಾರ ಅಂತ ಅಚ್ಚು ಹಾಕಿದ್ದೇ ಈಗ ಅವರಿಗೆ ತಪ್ಪಾಗಿ ಕಾಣತೊಡಗಿತ್ತು. "ನೀ ಗದ್ದಲ ಅಂತಿ, ನಾ ಪುಣ್ಯ ಅಂತೀನಿ." ಕೊನೆಗೆ ವಸ್ತುಸಂಗ್ರಹಾಲಯ ಕೈಬಿಟ್ಟು ಗೇಟ್‌ವೇಯನ್ನು ಎಲಿಫೆಂಟಾದ ದಿನಕ್ಕೇ ಸೇರಿಸಿ, ಸೋಮವಾರ ರಾಣಿಬಾಗ್, ಮಂಗಳವಾರ ಗಣಪ್ಪ ಎಂದು ಬಾಣದ ಗುರುತು ಹಾಕಿಕೊಂಡರು. ಅವ್ವನ ದಪ್ಪಕ್ಷರದ ಪ್ರತಿಯ ಮೇಲೂ ಅದೇ ಬಾಣ.

ಭಾನುವಾರ ಬೇಗ ಹೊರಡಬೇಕು ಎಂದದ್ದು ಎಲ್ಲರೂ. ಒಂದು ಬಚ್ಚಲು, ಊರಿಂದ ಬಂದ ಐವರು, ಮನೆಯವರು ಇಬ್ಬರು, ಮೇಲೆ ಅವ್ವನ ಪೂಜೆ. ನಮ್ಮ ಯಜಮಾನರು ಡ್ಯೂಟಿ ಇದೆ ಎಂದು ಎಲ್ಲರಿಗಿಂತ ಮೊದಲು ಜಾರಿಕೊಂಡರು. ನಾವು ಗಾಡಿ ಹತ್ತುವಷ್ಟರಲ್ಲಿ ಹತ್ತೂವರೆ ದಾಟಿತ್ತು, ಮುಲುಂಡ್ ಬರುವಷ್ಟರಲ್ಲಿ ಬ್ಲಾಕ್ ಶುರು. ಅಲ್ಲಿಂದ ಗಾಡಿ ತೆವಳಿತು. ಅದೂ ದಾದರಿಗೇ ಕೊನೆಯಾಗುವ ಲೋಕಲ್. ಇಳಿದು, ಸೇತುವೆ ಹತ್ತಿ, ಇನ್ನೊಂದು ಪ್ಲಾಟ್‌ಫಾರ್ಮಿಗೆ ಇಳಿಯಬೇಕು. ಅವ್ವನ ಮೊಣಕಾಲಿಗೆ ಪ್ರತಿ ಮೆಟ್ಟಿಲೂ ಒಂದೊಂದು ಮಾತು. "ಈ ಊರಾಗ ನೆಲದ ಮ್ಯಾಲ ನಡಿಯೂ ದಾರೀನ ಇಲ್ಲೇನವ್ವಾ?" ನಿಜ. ನಕ್ಷೆಯಲ್ಲಿ ನೂರು ಹೆಜ್ಜೆ ಎಂದು ತೋರಿಸುವ ದಾರಿಯಲ್ಲಿ ಒಂದು ಏರು, ಒಂದು ಇಳಿ ಇದ್ದೇ ಇರುತ್ತದೆ. ವಯಸ್ಸಾದವರನ್ನು ಕರೆತರುವವರು ದೂರ ಲೆಕ್ಕ ಹಾಕಬೇಡಿ, ಮೆಟ್ಟಿಲು ಲೆಕ್ಕ ಹಾಕಿ.

ಸಿ.ಎಸ್.ಎಂ.ಟಿ.ಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ, ಹೋಗುವ ಫಾಸ್ಟ್ ಬಂತು. ಮಾಮಾ ಎರಡೂ ಕೈಯಲ್ಲಿ ಚೀಲ ಹಿಡಿದು ಮುಂದೆ ನಿಂತಿದ್ದರು. ಇಳಿಯುವವರು ಇಳಿದರು, ಹತ್ತುವವರು ಮಾಮಾನನ್ನು ಎತ್ತಿಕೊಂಡೇ ಹತ್ತಿದರು. ಅವ್ವ ಒಂದು ಕಾಲು ಎತ್ತುವಷ್ಟರಲ್ಲಿ ಗಾಡಿ ಅಲುಗಿತು, ನಾನು ಸೆರಗು ಹಿಡಿದು ಹಿಂದಕ್ಕೆ ಎಳೆದೆ. ಬಾಗಿಲಲ್ಲಿ ಮಾಮಾನ ಬಿಳಿ ಅಂಗಿ ಒಂದು ಕ್ಷಣ ಕಂಡದ್ದು, ಆಮೇಲೆ ಇಲ್ಲ. ಬುತ್ತಿ ಚೀಲ ಅವರ ಹತ್ತಿರ, ನೀರು ಅವರ ಹತ್ತಿರ, ಅವರ ಫೋನ್ ಮಾತ್ರ ಸಣ್ಣವನ ಕೈಯಲ್ಲಿ, ಗೇಮ್ ಆಡುತ್ತಿದ್ದ.

ಅಕ್ಕ ಅಳಲು ಶುರು ಮಾಡಿದಳು. ಪಕ್ಕದಲ್ಲಿದ್ದ ಮರಾಠಿ ಹೆಂಗಸರು ನಮಗಿಂತ ಮೊದಲು ತೀರ್ಮಾನಕ್ಕೆ ಬಂದರು: ಭಾಯ್ಖಳಾ, ಭಾಯ್ಖಳಾ. ಇಲ್ಲಿಯ ಅಲಿಖಿತ ನಿಯಮ ಅದು. ಹತ್ತಿದವರು ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಹಿಂದೆ ಬರುವ ಗಾಡಿಗೆ ಬರಬೇಕು. ಫಾಸ್ಟ್ ಗಾಡಿಗೆ ಪರೇಲ್ ಇಲ್ಲ, ಕರಿ ರೋಡ್ ಇಲ್ಲ, ಚಿಂಚಪೋಕ್ಳಿ ಇಲ್ಲ, ಸೀದಾ ಭಾಯ್ಖಳಾ. ಆದರೆ ಆ ನಿಯಮ ಗದಗಿಗೆ ಹೇಗೆ ಗೊತ್ತಿರಬೇಕು? ಮುಂದಿನ ಗಾಡಿಯಲ್ಲಿ ಲೇಡೀಸ್ ಡಬ್ಬಿಯ ಬಾಗಿಲಿಗೆ ನಿಂತು ಭಾಯ್ಖಳಾದ ಇಡೀ ಪ್ಲಾಟ್‌ಫಾರ್ಮ್ ಕಣ್ಣಲ್ಲಿ ಜಾಲಾಡಿದೆ. ಬಿಳಿ ಅಂಗಿಗಳು ಬೇಕಾದಷ್ಟಿದ್ದವು, ಮಾಮಾ ಇರಲಿಲ್ಲ.

ಸಿ.ಎಸ್.ಎಂ.ಟಿ.ಯಲ್ಲಿ ಹಳಿ ಮುಗಿಯುವ ಜಾಗದಲ್ಲೇ, ಇಂಡಿಕೇಟರಿನ ಕೆಳಗೆ, ಎರಡೂ ಚೀಲ ಕಾಲ ನಡುವೆ ಇಟ್ಟುಕೊಂಡು ನಿಂತಿದ್ದರು. ಅಕ್ಕ ಬಯ್ಯಲು ಬಾಯಿ ತೆಗೆಯುವ ಮೊದಲೇ ಹೇಳಿದರು: "ಹಳೀನ ಮುಂದಿಲ್ಲಂದ್ರ ನಾನರ ಎಲ್ಲಿ ಹೋಗ್ಲಿ? ನೀವರ ಎಲ್ಲಿ ಹೋಗ್ತೀರಿ?" ಈ ತರ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದಬದ್ದ ನಿಯಮಕ್ಕಿಂತ ಅದೇ ಚೆನ್ನಾಗಿದೆ.

ಮೇಲಾಗಿ, ಅಷ್ಟರಲ್ಲಿ ಮಾಮಾ ಕಟ್ಟಡವನ್ನು ನೋಡಲು ಹೊರಗೊಮ್ಮೆ ಹೋಗಿ ಬಂದಿದ್ದರು. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ ಇದೆ ಎಂದು ನಮಗೇ ತೋರಿಸಿದರು. ಸಿಂಹ ಬ್ರಿಟನ್ನಿನದು, ಹುಲಿ ಭಾರತದ್ದು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ 1878ರಲ್ಲಿ ಶುರು ಮಾಡಿದ ಕಟ್ಟಡ, ಮುಗಿಯಲು ಹತ್ತು ವರ್ಷ ಹಿಡಿಯಿತು. 2004ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನಾನು ಎಷ್ಟೋ ಸಲ ಅದರೊಳಗಿಂದ ಓಡಿದವಳು, ಹುಲಿಯ ಮುಖ ನೋಡಿದ್ದು ಅವತ್ತೇ.

ಕಾಲಿಪೀಲಿ ಟ್ಯಾಕ್ಸಿಯಲ್ಲಿ ನಾಲ್ವರಷ್ಟೇ ಕೂರಬಹುದು, ನಾವು ಆರು ಮಂದಿ. ಎರಡು ಟ್ಯಾಕ್ಸಿ ಮಾಡಿದೆವು, ಈ ಸಲ ಎರಡರಲ್ಲೂ ಫೋನ್ ಇತ್ತು. ಗೇಟ್‌ವೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದದ್ದರ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. ಇಲ್ಲಿಂದಲೇ 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಹಡಗು ಹತ್ತಿತು. ಮಾಮಾನಿಗೆ ಇಷ್ಟವಾದದ್ದು ಎರಡನೆಯ ಸಂಗತಿ. ಅಲ್ಲಿ ಫೋಟೋ ತೆಗೆಯುವವರು ಸಣ್ಣವನನ್ನು ಹಿಡಿದು ನಿಲ್ಲಿಸಿಬಿಟ್ಟಿದ್ದರು; ಬಿಡಿಸಿಕೊಂಡು ಓಡಿ ದೋಣಿ ಹತ್ತಿದೆವು. ಮಧ್ಯಾಹ್ನ ತೀರಾ ತಡವಾದರೆ ದ್ವೀಪಕ್ಕೆ ಹೋಗುವ ದೋಣಿ ಸಿಗುವುದಿಲ್ಲ.

ಒಂದು ತಾಸಿನ ನೀರಿನ ದಾರಿ. ನೌಕಾಪಡೆಯ ಹಡಗು, ದೂರದಲ್ಲಿ ನ್ಹಾವಾ ಶೇವಾ ಬಂದರಿನ ಕ್ರೇನುಗಳು. ದೊಡ್ಡವಳು, ಒಂಬತ್ತನೇ ಇಯತ್ತೆ, ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು: "ಮೌಶಿ, ಪುಲಿಕೇಶಿ ಇಲ್ಲಿಗೇ ಬಂದಿದ್ನಂತಲ್ಲ?" ಐಹೊಳೆಯ ಶಾಸನ, 634ನೇ ಇಸವಿಯದು, ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳೊಂದಿಗೆ ಪುರಿ ಎಂಬ ಪಟ್ಟಣವನ್ನು ಮುತ್ತಿದ ಎಂದು ಅದರಲ್ಲಿದೆ. ಆ ಪುರಿ ಈ ದ್ವೀಪವೇ, ಘಾರಾಪುರಿಯೇ, ಎನ್ನುವ ಇತಿಹಾಸಕಾರರೂ ಇದ್ದಾರೆ. ಅದನ್ನು ಕೇಳಿದ ಮೇಲೆ ಮಾಮಾ ದೋಣಿಯಲ್ಲಿ ಕೂತ ಭಂಗಿಯೇ ಬದಲಾಯಿತು.

ಜೆಟ್ಟಿಯಿಂದ ಸ್ವಲ್ಪ ದೂರ ಪುಟಾಣಿ ರೈಲು. ಅದು ಮುಗಿದಲ್ಲಿ ನೂರಿಪ್ಪತ್ತು ಮೆಟ್ಟಿಲು, ಎರಡೂ ಬದಿ ನೀಲಿ ತಾಡಪತ್ರಿಯ ಕೆಳಗೆ ಅಂಗಡಿ. ಅಲ್ಲಿ ಕುರ್ಚಿಗೆ ಬಡಿಗೆ ಕಟ್ಟಿ ಹೊತ್ತೊಯ್ಯುವ ಡೋಲಿಯವರು ಇರುತ್ತಾರೆ. ಅವ್ವನಿಗೆ ಡೋಲಿ ಮಾಡೋಣ ಎಂದೆ. ಒಮ್ಮೆ ಅದನ್ನು ನೋಡಿದಳು, ಹೊರುವ ನಾಲ್ವರನ್ನು ನೋಡಿದಳು. "ನಾಕ್ ಮಂದಿ ಹೊರೂ ದಿನಾ ಬರ್ತೈತಿ, ಇವತ್ತ ಬ್ಯಾಡ." ಸಪ್ಪಗಿದ್ದ ಡೋಲಿಯವನಿಗೆ ಇದನ್ನು ಹಿಂದಿಯಲ್ಲಿ ಹೇಳುವ ಧೈರ್ಯ ನನಗಾಗಲಿಲ್ಲ. ಅವ್ವ ಹತ್ತಿದಳು, ಪ್ರತಿ ನಾಲ್ಕನೇ ಅಂಗಡಿಗೆ ನಿಂತು ಸರದ ರೇಟು ಕೇಳುತ್ತ. ಏನೂ ಕೊಳ್ಳಲಿಲ್ಲ. ಅದು ದಮ್ಮು ತೆಗೆದುಕೊಳ್ಳುವ ಉಪಾಯ ಅಂತ ಅಂಗಡಿಯವರಿಗೂ ಗೊತ್ತಾಗಿರಬೇಕು, ಒಬ್ಬಾಕೆ ಸ್ಟೂಲನ್ನೇ ಕೊಟ್ಟಳು.

ಮೇಲೆ, ಗುಹೆಯ ಹೊರಗೆ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಕ್ಕ ಊರಿಂದ ತಂದಿದ್ದ ಶೇಂಗಾ ಹೋಳಿಗೆ. ದಾದರಿನ ನೂಕುನುಗ್ಗಲಲ್ಲಿ ಒಂದು ರೊಟ್ಟಿಯೂ ಮುರಿದಿರಲಿಲ್ಲ ಎಂದು ಮಾಮಾ ಹೆಮ್ಮೆಯಿಂದ ಹೇಳುತ್ತಿರುವಾಗಲೇ ಹಿಂದಿನಿಂದ ಒಂದು ಮಂಗ ಬಂತು. ರೊಟ್ಟಿ ಮುಟ್ಟಲಿಲ್ಲ, ಚಟ್ನಿ ಮುಟ್ಟಲಿಲ್ಲ, ಹೋಳಿಗೆಯ ಡಬ್ಬಿಯನ್ನೇ ಎತ್ತಿಕೊಂಡು ಮರ ಹತ್ತಿ, ಮುಚ್ಚಳ ತೆಗೆದು, ಒಂದೊಂದೇ ತಿಂದಿತು. ಡಬ್ಬಿ ಕೆಳಗೆ ಎಸೆಯಿತು, ಮುಚ್ಚಳ ಕೊಡಲಿಲ್ಲ. ಅಕ್ಕನಿಗೆ ಗಂಡ ಕಳೆದಾಗಿನ ಅಳುವಿಗಿಂತ ಈ ಸಿಟ್ಟು ಹೆಚ್ಚು ಹೊತ್ತು ಉಳಿಯಿತು.

ಗುಹೆಯೊಳಗೆ ಹಠಾತ್ತನೆ ತಂಪು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಹಿಂದಿನ ಗೋಡೆಯಿಂದ ಸದಾಶಿವನ ಮೂರು ಮುಖ ನಿಧಾನವಾಗಿ ಹೊರಬರುತ್ತವೆ. ಸುಮಾರು ಇಪ್ಪತ್ತಡಿ ಎತ್ತರ, ಎದೆಯವರೆಗೆ ಮಾತ್ರ. ನಡುವಿನದು ಕಣ್ಣು ಮುಚ್ಚಿದ ಶಾಂತ ಮುಖ, ನಮ್ಮ ಎಡಕ್ಕೆ ಹಾವು ಹಿಡಿದ ಅಘೋರ, ಬಲಕ್ಕೆ ಹೂ ಹಿಡಿದ ವಾಮದೇವ. ಒಂದು ಬದಿಗೆ ಅರ್ಧನಾರೀಶ್ವರ, ಇನ್ನೊಂದು ಬದಿಗೆ ಗಂಗಾಧರ. ಕೈಕಾಲು ಮುರಿದ ಮೂರ್ತಿಗಳೇ ಹೆಚ್ಚು. ಆರನೇ ಶತಮಾನದ ಕೆಲಸ ಎನ್ನುತ್ತಾರೆ. ಬಾದಾಮಿಯ ಮೂರನೇ ಗುಹೆಯ ಶಾಸನ 578ರದು, ಅಂದರೆ ಹೆಚ್ಚುಕಡಿಮೆ ಅದೇ ಕಾಲ. ಮಾಮಾ ಕೈಕಟ್ಟಿ ನಿಂತು, ಕಲ್ಲು ಕೆತ್ತಿದ್ದು ಇಲ್ಲಿ ಚಲೋ, ಕಲ್ಲು ಮಾತ್ರ ನಮ್ಮ ಬಾದಾಮಿಯದು ಚಲೋ ಎಂದು ತೀರ್ಪು ಕೊಟ್ಟರು. ಅವ್ವ ಕಂಬಕ್ಕೆ ಒರಗಿ ಕೂತವಳು ಏಳಲೇ ಇಲ್ಲ. ಪೂಜೆ ಯಾಕೆ ಮಾಡುವುದಿಲ್ಲ ಇವನಿಗೆ ಅಂತ ಕಾವಲುಗಾರನನ್ನು ಕನ್ನಡದಲ್ಲೇ ಕೇಳಿದಳು. ಅವನು ಮರಾಠಿಯಲ್ಲಿ ಏನೋ ಹೇಳಿದ. ಇಬ್ಬರೂ ತಲೆಯಾಡಿಸಿದರು.

ಸಣ್ಣವನ ತಕರಾರು ಬೇರೆ. ಎಲಿಫೆಂಟಾ ಅಂದರೆ ಆನೆ, ಆನೆ ಎಲ್ಲಿ? ಪೋರ್ಚುಗೀಸರು ದಡದಲ್ಲಿದ್ದ ಕಲ್ಲಾನೆಯನ್ನು ನೋಡಿ ಆ ಹೆಸರಿಟ್ಟದ್ದು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನ್ ಮುರಿದು ಆನೆ ಬಿದ್ದು ಚೂರಾಯಿತು. ಆ ಚೂರುಗಳನ್ನು ಜೋಡಿಸಿ ಈಗ ಭಾಯ್ಖಳಾದಲ್ಲಿ, ರಾಣಿಬಾಗ್ ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿ ನಿಲ್ಲಿಸಿದ್ದಾರೆ. ಸೋಮವಾರ ಅದನ್ನೂ ನೋಡಿದೆವು, ಪೆಂಗ್ವಿನ್ನನ್ನೂ ನೋಡಿದೆವು. ಪೆಂಗ್ವಿನ್ ಮನೆಯ ಏಸಿಯಲ್ಲಿ ಅಕ್ಕ ಎರಡು ಸುತ್ತು ಹಾಕಿದಳು. ಅದು ಪಕ್ಷಿಪ್ರೇಮ ಅಲ್ಲ, ಹೊರಗಿನ ಸೆಕೆ. ಆನೆಯ ಮುಂದೆ ಸಣ್ಣವ ಅಂದದ್ದು ಇಷ್ಟೇ: "ಇದು ಅಲ್ಲೇ ಇದ್ದಿದ್ರ ಟಿಕೆಟ್ ಉಳೀತಿತ್ತು." ಅವರಪ್ಪನ ಮಗ.

ಮಂಗಳವಾರ ನಾನೂ ಅವ್ವನೂ ಸಾಲಿಗೆ ನಿಲ್ಲುವುದಿಲ್ಲ ಎಂದು ಖಂಡಿತ ಹೇಳಿದೆವು. ನಾಲ್ವರನ್ನು ಪ್ರಭಾದೇವಿಯ ಸಿದ್ಧಿವಿನಾಯಕನ ಕಡೆ ಕಳಿಸಿ, ನಾವಿಬ್ಬರು ಮಾಟುಂಗಕ್ಕೆ. 2017ರಿಂದ ಈ ಸ್ಟೇಶನ್ ನಡೆಸುವವರೆಲ್ಲ ಹೆಂಗಸರು, ಇದನ್ನು ಹೇಳಿದಾಗ ಅವ್ವ ಟಿಕೆಟ್ ಕಿಟಕಿಯ ಒಳಗೆ ಇಣುಕಿ ನೋಡಿ ಖಾತ್ರಿ ಮಾಡಿಕೊಂಡಳು. ಹೂವಿನ ಅಂಗಡಿ, ಬಾಳೆಎಲೆ, ನುಗ್ಗೆಕಾಯಿ, ಬೀದಿಯಲ್ಲಿ ಫಿಲ್ಟರ್ ಕಾಫಿಯ ವಾಸನೆ. ಒಂದು ಉಡುಪಿ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದೆವು. ಸಾರು ಸಿಹಿ ಅಂತ ಅವ್ವ ದೂರಿದಳು, ಎರಡು ಸಲ ಹಾಕಿಸಿಕೊಂಡಳು.

ಮಾಮಾನ ಫೋನ್ ಬರುವಾಗ ಊಟದ ಹೊತ್ತು ಮೀರುತ್ತಿತ್ತು. ದರ್ಶನ ಆಯಿತಂತೆ, ಎರಡೇ ಎರಡು ಕ್ಷಣ. ದಾದರಿನಿಂದ ಒಂದೇ ಸ್ಟೇಶನ್, ಮಾಟುಂಗ ಅಂತ ಬೋರ್ಡ್ ನೋಡಿ ಇಳಿದಿದ್ದೇವೆ, ಆದರೆ ನೀ ಹೇಳಿದ ಹೂವಿನ ಅಂಗಡಿ ಎಲ್ಲೂ ಕಾಣುತ್ತಿಲ್ಲ ಎಂದರು.

"ಬೋರ್ಡಿನ ಮ್ಯಾಲ ಮಾಟುಂಗ ಅಷ್ಟs ಐತೋ, ಮಾಟುಂಗ ರೋಡ್ ಅಂತ ಐತೋ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ರೋಡ್ ಅಂತ ಐತಿ."

ಅದು ವೆಸ್ಟರ್ನ್ ಲೈನು, ನಾವಿದ್ದದ್ದು ಸೆಂಟ್ರಲ್. ನಡುವೆ ಎರಡೂ ಕಡೆಯ ಹಳಿಗಳ ಮೇಲೆ ಝಡ್ ಆಕಾರದ ಉದ್ದನೆಯ ಸೇತುವೆ. ಹತ್ತಿ ಬನ್ನಿ ಎಂದೆ. ಕೆಂಪಗೆ ಬೆವೆತು, ಪ್ರಸಾದದ ಲಾಡು ಹಿಡಿದು ಒಬ್ಬೊಬ್ಬರಾಗಿ ಹೋಟೆಲಿಗೆ ಬಂದರು. ಅವ್ವ ಮಾಣಿಯನ್ನು ಕರೆದು ನಾಲ್ಕು ಊಟ ಹೇಳಿದಳು, ಮೊದಲು ನೀರು ತರಲು ಹೇಳಿದಳು, ಆಮೇಲೆ ಅಳಿಯನ ಕಡೆ ತಿರುಗಿ, "ಎಷ್ಟ್ ಮೆಟ್ಲ ಇದ್ವು?" ಅಂದಳು.