ಎರಡು ತುಂಡುಗಳ ನಡುವೆ ಸಿಕ್ಕಿಕೊಂಡ ಐದು ಬೈಟ್

ಫೋಟೋ ಫೈಲೊಂದು ಇರಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದಿತ್ತು. ತೆರೆದರೆ ಚಿತ್ರ ಸರಿಯಾಗೇ ಕಾಣುತ್ತಿತ್ತು. ಅದರ ಹಿಂದೆಯೇ ಬರಬೇಕಿದ್ದ ಫೋಟೋ ಮಾತ್ರ ಎಲ್ಲೂ ಇರಲಿಲ್ಲ.

ಆ ದಿನ ನನ್ನ ಮುಂದಿದ್ದ ಪ್ರೋಗ್ರಾಂ ಮಾಡುವ ಕೆಲಸ ಇಷ್ಟೇ. ಟಿಸಿಪಿ ಸಂಪರ್ಕದಲ್ಲಿ (ನೆಟ್‌ವರ್ಕ್ ಮೂಲಕ ಡೇಟಾ ಕಳಿಸುವ ಒಂದು ಬಗೆ) ಜೆಪೆಗ್ ಫೋಟೋಗಳು ಬಿಡುವಿಲ್ಲದೆ ಒಂದರ ಹಿಂದೊಂದು ಬರುತ್ತವೆ. ಯಾವುದು ಎಷ್ಟು ಉದ್ದ ಅಂತ ಯಾರೂ ಹೇಳುವುದಿಲ್ಲ. ಬೈಟ್‌ಗಳನ್ನೇ, ಅಂದರೆ 0ರಿಂದ 255ರವರೆಗಿನ ಸಂಖ್ಯೆಗಳನ್ನೇ, ನೋಡಿ ಬಿಡಿಸಬೇಕು. ದಶಮಾನದಲ್ಲಿ ಹೇಳುವುದಾದರೆ, ಜೆಪೆಗ್ 255, 216, 255 ಎಂದು ಶುರುವಾಗಿ 255, 217 ಎಂದು ಮುಗಿಯುತ್ತದೆ. ಶುರುವನ್ನಷ್ಟೇ ಹುಡುಕಿದರೆ ಮೋಸ ಹೋಗುತ್ತೇವೆ. ಕ್ಯಾಮೆರಾದಲ್ಲಿ ತೆಗೆದ ಫೋಟೋದ ಎಕ್ಸಿಫ್ ಭಾಗದಲ್ಲಿ (ಫೋಟೋದ ವಿವರಗಳಿರುವ ಜಾಗ) ಅದೇ ಚಿತ್ರದ ಪುಟ್ಟ ಥಂಬ್‌ನೇಲ್ ಇರುತ್ತದೆ, ಸಾಮಾನ್ಯವಾಗಿ ಅದೂ ಒಂದು ಪೂರ್ತಿ ಜೆಪೆಗ್. ಅದಕ್ಕೇ ಮೊದಲು ಬರೆದವರು ಒಂದರ ಕೊನೆಯನ್ನೂ ಇನ್ನೊಂದರ ಶುರುವನ್ನೂ ಸೇರಿಸಿ ಹುಡುಕಿದ್ದರು: 255, 217, 255, 216, 255. ಥಂಬ್‌ನೇಲ್ ಒಂಟಿಯಾಗಿರುವುದರಿಂದ ಈ ಜೋಡಿಗೆ ಸಿಗುವುದಿಲ್ಲ. ಒಳ್ಳೆಯ ಉಪಾಯ, ನಾನು ಅದನ್ನು ಹಾಗೇ ಉಳಿಸಿಕೊಂಡೆ.

ಕೈಕೊಡುತ್ತಿದ್ದದ್ದು ಬೇರೆ ಕಡೆ. ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದ ನಮ್ಮ ತುದಿ) ಒಂದು ತುಂಡು ಓದು, ಅದರೊಳಗೆ ಹುಡುಕು, ಫೈಲಿಗೆ ಬರೆ, ಮುಂದಿನ ತುಂಡಿಗೆ ಹೋಗು. ಐದರಲ್ಲಿ ಮೂರು ಬೈಟ್ ಈ ತುಂಡಿನ ತುದಿಯಲ್ಲಿ, ಎರಡು ಮುಂದಿನದರ ಮೊದಲಲ್ಲಿ ಬಿದ್ದರೆ ಎರಡೂ ಕಡೆ ಏನೂ ಸಿಗುವುದಿಲ್ಲ. ಎರಡು ಫೋಟೋ ಒಂದೇ ಫೈಲಿನಲ್ಲಿ ಅಂಟಿಕೊಳ್ಳುತ್ತವೆ. ಚಿತ್ರ ತೋರಿಸುವ ಸಾಫ್ಟ್‌ವೇರ್ ಮೊದಲನೆಯದು ಮುಗಿದ ಕೂಡಲೇ ನಿಲ್ಲುತ್ತದೆ, ಎರಡನೆಯದು ಅಲ್ಲೇ ಹೂತುಹೋಗಿರುತ್ತದೆ.

ಈಥರ್‌ನೆಟ್‌ನಲ್ಲಿ ಒಂದು ಟಿಸಿಪಿ ತುಂಡಿಗೆ ಸಾಮಾನ್ಯವಾಗಿ 1460 ಬೈಟ್ ಹಿಡಿಸುತ್ತದೆ. ಓದಿದ್ದೆಲ್ಲ ಅಷ್ಟಷ್ಟೇ ಇದ್ದರೆ, ತುಂಡಿನ ಗಡಿ ನಮ್ಮ ಐದು ಬೈಟ್‌ಗಳ ಮಧ್ಯೆ ಬೀಳುವ ಸಾಧ್ಯತೆ 1460ರಲ್ಲಿ 4, ಅಂದರೆ 365ಕ್ಕೆ ಒಂದು. ಅದೇ ಡೇಟಾವನ್ನು ಫೈಲಿನಿಂದ 64 ಕೆಬಿ ತುಂಡುಗಳಲ್ಲಿ ಓದಿದರೆ 16,384ಕ್ಕೆ ಒಂದು. ಪರೀಕ್ಷೆಯೆಲ್ಲ ಫೈಲಿನಿಂದಲೇ ನಡೆದಿತ್ತು. ಅಲ್ಲಿ ಕಾಣದ್ದು ನೆಟ್‌ವರ್ಕ್‌ನಲ್ಲಿ ಕಂಡಿತು.

ಅನುಮಾನ ಖಚಿತ ಮಾಡಿಕೊಳ್ಳಲು ಅದೇ ಫೈಲನ್ನು ಒಂದೊಂದೇ ಬೈಟ್‌ನಂತೆ ಉಣಿಸಿದೆ. ಫೋಟೋಗಳ ನಡುವಿನ ಒಂದು ಗಡಿಯೂ ಸಿಗಲಿಲ್ಲ. ಇಷ್ಟು ಅಗ್ಗದ, ಇಷ್ಟು ಖಡಕ್ಕಾದ ಪರೀಕ್ಷೆ ಇನ್ನೊಂದಿಲ್ಲ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಬಾಲ ಉಳಿಸಿಕೊಳ್ಳುವುದು. ಹುಡುಕುವ ಬೈಟ್‌ಗಳ ಸಾಲು, ಅಂದರೆ ಮಾದರಿ, ಐದು ಬೈಟ್‌ನದಾದರೆ ತುಂಡಿನ ಕೊನೆಯ ನಾಲ್ಕನ್ನು ಇಟ್ಟುಕೊಂಡು ಮುಂದಿನ ತುಂಡಿಗೆ ಜೋಡಿಸಿ. ಒಂದೇ ಮಾದರಿ ಇದ್ದರೆ ಸಾಕು. ಆದರೆ ನಮಗೆ ಮಧ್ಯೆ ಮಧ್ಯೆ ಪಿಎನ್‌ಜಿ ಚಿತ್ರಗಳೂ ಬರುತ್ತಿದ್ದವು. ಅದರ ಗುರುತೇ ಎಂಟು ಬೈಟ್: 137, 80, 78, 71, 13, 10, 26, 10. ಜೆಪೆಗ್‌ನ ಕೊನೆ ಸೇರಿಸಿದರೆ ಹತ್ತು. ಹತ್ತಕ್ಕಾಗಿ ಒಂಬತ್ತು ಬೈಟ್ ಬಾಲ ಇಟ್ಟರೆ, ಅದರೊಳಗೆ ಐದರ ಮಾದರಿ ಪೂರ್ತಿಯಾಗಿ ಕೂತು ಎರಡನೇ ಸಲವೂ ಸಿಗುತ್ತದೆ. ಇಲ್ಲದ ಫೋಟೋ ಒಂದು ಹುಟ್ಟುತ್ತದೆ.

ಬಾಲದ ಬದಲು ಎಣಿಕೆ ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಎಷ್ಟು ಬೈಟ್ ಹೊಂದಿವೆ ಅಂತ ಒಂದು ಸಂಖ್ಯೆ, ತಪ್ಪಿದರೆ ಸೊನ್ನೆ. ಈ ಸೊನ್ನೆಯಲ್ಲೇ ಅಪಾಯ. ಜೆಪೆಗ್‌ನಲ್ಲಿ (255, 217ರಂಥ) ಯಾವ ಗುರುತಿಗಿಂತ ಮೊದಲು ಬೇಕಾದರೂ ಹೆಚ್ಚುವರಿ 255 ಬರಬಹುದು, ನಿಯಮವೇ ಹಾಗಿದೆ. 255, 255, 217 ಬಂತು ಅನ್ನಿ. ಮೊದಲ 255ಕ್ಕೆ ಎಣಿಕೆ ಒಂದು. ಎರಡನೆಯ 255 ಹೊಂದಲಿಲ್ಲ ಅಂತ ಸೊನ್ನೆಗೆ ಇಳಿದರೆ, ಹಿಂದೆ ಬರುವ 217 ಕೈತಪ್ಪುತ್ತದೆ. ಇಳಿಯಬೇಕಾದ್ದು ಸೊನ್ನೆಗಲ್ಲ, ಒಂದರಲ್ಲೇ ನಿಲ್ಲಬೇಕು. ಹಾಗೇ ಮೂರು ಹೊಂದಿ ನಾಲ್ಕನೆಯದು 216ರ ಬದಲು 217 ಆದರೆ ಎರಡಕ್ಕೆ ಇಳಿಯಬೇಕು. ತಪ್ಪಿದಾಗ ಎಲ್ಲಿಗೆ ಇಳಿಯಬೇಕು ಅನ್ನುವುದನ್ನು ಮೊದಲೇ ಲೆಕ್ಕ ಹಾಕಿಡುವುದು ಕ್ನೂತ್, ಮಾರಿಸ್, ಪ್ರ್ಯಾಟ್ 1977ರಲ್ಲಿ ಪ್ರಕಟಿಸಿದ ವಿಧಾನ. ಅನೇಕ ಮಾದರಿಗಳನ್ನು ಒಟ್ಟಿಗೆ ಹುಡುಕುವ ದಾರಿಯನ್ನು ಅಹೋ ಮತ್ತು ಕೊರಾಸಿಕ್ 1975ರಲ್ಲೇ ಕೊಟ್ಟಿದ್ದರು. ಅವರಿಗೆ ಬೇಕಿದ್ದದ್ದು ಗ್ರಂಥಸೂಚಿಯಲ್ಲಿ ಹುಡುಕಾಟ. ಇವತ್ತು ಅದೇ ನನ್ನ ಫೋಟೋಗಳಿಗೂ ಆಗುತ್ತದೆ ಅಂದರೆ ಸಂತೋಷ ಆಗದೇ ಇರುತ್ತದಾ?

ನಾನು ಹಿಡಿದದ್ದು ರಸ್ಟ್ ಭಾಷೆಯ ಅಹೋ-ಕೊರಾಸಿಕ್ ಲೈಬ್ರರಿ. ಸ್ಟ್ರೀಮ್, ಅಂದರೆ ಹರಿದು ಬರುವ ಡೇಟಾ, ಕೊಟ್ಟರೆ ತಾನೇ ಓದಿಕೊಳ್ಳುತ್ತದೆ. ಸಿಕ್ಕಿದ ಜಾಗವನ್ನು ಇಡೀ ಸ್ಟ್ರೀಮಿನ ಮೊದಲಿನಿಂದ ಎಣಿಸಿ ಹೇಳುತ್ತದೆ. ಹುಡುಕಾಟದ ಮಟ್ಟಿಗೆ ತುಂಡುಗಳ ಗೊಡವೆ ನಮಗೆ ಬೇಡ. ಒಂದು ಷರತ್ತಿದೆ: ಸ್ಟ್ರೀಮಿನಲ್ಲಿ ಮಾದರಿ ಮುಗಿದ ಕೂಡಲೇ ಸಿಕ್ಕಿತು ಅನ್ನುತ್ತದೆ, ಇನ್ನೂ ಉದ್ದದ್ದು ಬರಬಹುದೇ ಅಂತ ಕಾಯುವ ಬಗೆ ಅಲ್ಲಿ ನಡೆಯುವುದಿಲ್ಲ. ನಮ್ಮ ಮಾದರಿಗಳಲ್ಲಿ ಒಂದು ಇನ್ನೊಂದರ ಮೊದಲ ಭಾಗವಲ್ಲ, ಹಾಗಾಗಿ ಪರವಾಗಿಲ್ಲ.

ಹೆಚ್ಚು ಹೊತ್ತು ತಿಂದದ್ದು ಹುಡುಕಾಟವಲ್ಲ, ಬರೆಯುವುದು. ತುಂಡು 255, 217, 255, 216ಕ್ಕೆ ನಿಂತಿದೆ. ಕೊನೆಯ ಎರಡು ಬೈಟ್ ಈ ಫೋಟೋದ್ದೋ, ಮುಂದಿನದರದ್ದೋ? ಇನ್ನೊಂದು ಬೈಟ್ ಬರುವ ತನಕ ಗೊತ್ತಾಗುವುದಿಲ್ಲ, ಹಾಗಾಗಿ ಫೈಲಿಗೆ ಬರೆಯುವಂತಿಲ್ಲ. ತಡೆಹಿಡಿಯಬೇಕು. ಎಷ್ಟು? ಆ ಕ್ಷಣದಲ್ಲಿ ಎಷ್ಟು ಹೊಂದಿವೆಯೋ ಅಷ್ಟು. ಅವನ್ನು ಬೇರೆ ಬಫರ್‌ನಲ್ಲಿ ಎತ್ತಿಡುವುದೂ ಬೇಡ. ಹೊಂದಿದ ಬೈಟ್‌ಗಳು ಮಾದರಿಯ ಮೊದಲ ಬೈಟ್‌ಗಳೇ ಅಲ್ವಾ? ಹೊಂದದೆ ಹೋದರೆ ಮಾದರಿಯಿಂದಲೇ ನೋಡಿ ಬರೆದರಾಯಿತು.