ಎಲೆ ಬಂತು, ಬೇರು ಬಂದಿರಲಿಲ್ಲ

ನಾವಿರುವುದು ಉತ್ತರಕ್ಕೆ 52 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಡಿಸೆಂಬರ್ ಬಂತೆಂದರೆ ಬೆಳಗ್ಗೆ ಎಂಟರ ಹೊತ್ತಿಗೆ ಬೆಳಕು ಹರಿಯುತ್ತದೆ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಂಥ ದಿನಗಳಲ್ಲೂ ನಮ್ಮ ಮನೆಯ ಒಂದು ಕಪಾಟಿನಲ್ಲಿ ದಿನಕ್ಕೆ 14 ಗಂಟೆ ದೀಪದ ಬೆಳಕು. ಅದರ ಕೆಳಗೆ ಈ ಚಳಿಗಾಲ ನಾನು ಆರು ಅಂಜೂರದ ಗಿಡ ಮಾಡಿದೆ. ಹೋದ ವರ್ಷ ಎಂಟು ಕಡ್ಡಿ ನೆಟ್ಟು ಎಂಟನ್ನೂ ಕಳೆದುಕೊಂಡಿದ್ದೆ.

ಕಡ್ಡಿ ಕೊಟ್ಟವರು ಹಿಂದಿನ ಬೀದಿಯ ಅಜ್ಜ. ಎಲೆ ಉದುರಿದ ಮೇಲೆ ಅವರು ಮರ ಸವರುತ್ತಿದ್ದಾಗ ಕೇಳಿ ಇಸಿದುಕೊಂಡೆ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ಒಂದೊಂದರಲ್ಲೂ ಮೂರು ನಾಲ್ಕು ಗೆಣ್ಣು. ಕತ್ತರಿಸಿದಲ್ಲಿ ಬಿಳಿ ಹಾಲು ಒಸರುತ್ತಿತ್ತು. ಆಲ, ಅರಳಿ, ಅತ್ತಿ ಎಲ್ಲ ಇದರ ಕುಲದವೇ ಅಲ್ಲವೇ, ಆ ಹಾಲು ಕಂಡಾಗ ದೂರದ ನೆಂಟರು ಎದುರಾದಷ್ಟು ಹಿಗ್ಗಾಯಿತು. ಅಂದಹಾಗೆ, ಆ ಹಾಲು ತಾಗಿದ ಕೈ ಬಿಸಿಲಿಗೆ ಬಿದ್ದರೆ ಬೊಬ್ಬೆ ಏಳಬಹುದು. ಕೈಗವಸು ಇರಲಿ.

ಬೀಜ ಯಾಕೆ ಬಿತ್ತಬಾರದು ಎಂದು ನೀವು ಕೇಳಬಹುದು. ಸಾಮಾನ್ಯ ಅಂಜೂರ ಪರಾಗ ಸೇರದೆಯೇ ಹಣ್ಣು ಬಿಡುತ್ತದೆ. ಪರಾಗ ತರಬೇಕಾದ ಪುಟ್ಟ ಕಣಜ ಈ ಚಳಿಯಲ್ಲಿ ಇಲ್ಲ, ಹಾಗಾಗಿ ಇಲ್ಲಿನ ಹಣ್ಣಿನ ಬೀಜ ಜೊಳ್ಳು. ಕಡ್ಡಿಯೇ ದಾರಿ. ಜೋರ್ಡನ್ ಕಣಿವೆಯ ಗಿಲ್ಗಾಲ್‌ನಲ್ಲಿ ಸುಮಾರು 11,400 ವರ್ಷ ಹಳೆಯ, ಸುಟ್ಟು ಕರಕಲಾದ ಅಂಜೂರಗಳು ಸಿಕ್ಕಿವೆ. ಅವನ್ನು ಜನ ಕಡ್ಡಿ ನೆಟ್ಟೇ ಬೆಳೆಸಿರಬೇಕು ಎಂದು 2006ರಲ್ಲಿ ಸಂಶೋಧಕರು ವಾದಿಸಿದರು. ಎಲ್ಲರೂ ಒಪ್ಪಿಲ್ಲ. ನನಗಂತೂ ಅದನ್ನು ಓದಿದ ಮೇಲೆ ಕೈಯಲ್ಲಿದ್ದ ಕಡ್ಡಿಯ ಮೇಲೆ ಗೌರವ ಹೆಚ್ಚಾಯಿತು.

ಹೋದ ವರ್ಷದ ತಪ್ಪು ಹೇಳುತ್ತೇನೆ. ನೆಟ್ಟ ಹತ್ತೇ ದಿನಕ್ಕೆ ಕಣ್ಣು ಒಡೆದು ಹಸಿರು ಕಾಣಿಸಿತು. ಗೆದ್ದೆ ಅಂದುಕೊಂಡು ದೀಪವನ್ನು ತೀರಾ ಹತ್ತಿರ ಇಳಿಸಿದೆ, ದಿನವೂ ನೀರು ಹಾಕಿದೆ. ಎರಡೆರಡು ಎಲೆ ಚೆನ್ನಾಗಿ ಬಿಚ್ಚಿಕೊಂಡವು. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದರೆ ಅವಳು, "ಎಲೆ ಇರಲಿ, ಬೇರು ಬಂತೇನೇ?" ಅಂದಳು. ಇಷ್ಟು ಎಲೆ ಬೇರಿಲ್ಲದೆ ಬರುತ್ತಾ ಅಂದೆ. ಬರುತ್ತದೆ. ಕಡ್ಡಿಯೊಳಗೆ ತಾಯಿಮರ ಕೂಡಿಟ್ಟ ಪಿಷ್ಟವಿರುತ್ತದೆ, ಮೊದಲ ಎಲೆಗಳು ಅದನ್ನೇ ಉಂಡು ಏಳುತ್ತವೆ. ಆ ಗಂಟು ಖರ್ಚಾಗುವುದರೊಳಗೆ ಬೇರು ಇಳಿಯದಿದ್ದರೆ ಮುಗಿಯಿತು. ಮೂರನೇ ವಾರ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಒಂದನ್ನು ಎಳೆದೆ, ಸಲೀಸಾಗಿ ಬಂತು. ಬುಡ ಕಪ್ಪಗೆ ಕೊಳೆತು ನಾರುತ್ತಿತ್ತು, ಒಂದೆಳೆ ಬೇರಿಲ್ಲ. ಅವತ್ತು ತುಂಬ ಅತ್ತೆ. ಮನೆಯಲ್ಲಿ ಇದ್ದದ್ದೇ ಅಷ್ಟು ಹಸಿರು.

ಈ ಸಲ ದೀಪದ ಗೊಡವೆಗೇ ಮೊದಲು ಹೋಗಲಿಲ್ಲ. ಬೇರು ಬರಲು ಬೆಳಕು ಬೇಡ, ಬೆಚ್ಚಗಿನ ಜಾಗ ಬೇಕು. ನೆನೆಸಿ ಗಟ್ಟಿಯಾಗಿ ಹಿಂಡಿದ ಕಾಗದದಲ್ಲಿ ಕಡ್ಡಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, 24 ಡಿಗ್ರಿಯ ಹೀಟ್ ಮ್ಯಾಟ್ ಮೇಲೆ ಕತ್ತಲಲ್ಲಿ ಬಿಟ್ಟೆ. ಮೂರು ದಿನಕ್ಕೊಮ್ಮೆ ಬಿಚ್ಚಿ ಗಾಳಿ ಆಡಿಸುವುದು, ಬೂಷ್ಟು ಕಂಡರೆ ಒರೆಸಿ ಕಾಗದ ಬದಲಿಸುವುದು, ಇಷ್ಟೇ ಕೆಲಸ. ಮೂರನೇ ವಾರ ತೊಗಟೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿ ಉಬ್ಬಿದವು. ಇನ್ನೊಂದು ವಾರಕ್ಕೆ ಆ ಚುಕ್ಕಿಗಳಿಂದ ಶಾವಿಗೆಯ ಎಳೆಯಂತೆ ಬೇರು ಹೊರಟಿತು. ಮುಟ್ಟಿದರೆ ಮುರಿಯುವಷ್ಟು ನಾಜೂಕು. ಉಸಿರು ಬಿಗಿಹಿಡಿದೇ ಪಾರದರ್ಶಕ ಲೋಟಗಳಿಗೆ ಇಳಿಸಿದೆ. ಅರ್ಧ ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಅರ್ಧ ಪರ್ಲೈಟ್ ಎಂಬ ಹಗುರ ಬಿಳಿ ಹರಳು.

ಪಾರದರ್ಶಕ ಲೋಟವೇ ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕಾರಿ. ನೀರು ಹಾಕುವ ಮುಂಚೆ ಲೋಟ ಎತ್ತಿ ಭಾರ ನೋಡುತ್ತಿದ್ದೆ, ಹಗುರಾಗಿದ್ದರೆ ಮಾತ್ರ ನಾಲ್ಕು ಚಮಚ. ಒಂದು ಬೆಳಗ್ಗೆ ಗೋಡೆಗೆ ಆತುಕೊಂಡು ಬಿಳಿ ಬೇರೊಂದು ಕೆಳಗಿನವರೆಗೆ ಇಳಿದಿತ್ತು. ಅಮ್ಮನಿಗೆ ಎಲೆ ತೋರಿಸಲಿಲ್ಲ, ಲೋಟದ ಬುಡ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಂದು ನೋಡಿದಳು.

ಆಮೇಲೆಯೇ ದೀಪ. ಬಿಳಿ ಎಲ್‌ಇಡಿ ತಗೊಳ್ಳಿ. ಗಿಡಗಳಿಗೆಂದೇ ಮಾರುವ ನೇರಳೆ ದೀಪದ ಬೆಳಕಿನಲ್ಲಿ ಎಲೆಯ ನಿಜವಾದ ಬಣ್ಣ ಕಾಣದು, ಹಳದಿಯಾಗುತ್ತಿದ್ದರೂ ಗೊತ್ತಾಗದು. ಮೊದಲ ವಾರ 40 ಸೆಂಟಿಮೀಟರ್ ಎತ್ತರ, ಆಮೇಲೆ 25ಕ್ಕೆ ಇಳಿಸಿದೆ. ಎಲೆಯ ಅಂಚು ಮೇಲಕ್ಕೆ ಸುರುಳಿಯಾದರೆ ದೀಪ ಹತ್ತಿರವಾಯಿತೆಂದು ಲೆಕ್ಕ, ಗಿಡ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡರೆ ದೂರವಾಯಿತೆಂದು. ಒಂದು ಸಣ್ಣ ಫ್ಯಾನ್ ಕೂಡ ಇಟ್ಟೆ. ಗಾಳಿಗೆ ಅಲ್ಲಾಡಿದ ಕಾಂಡ ಗಟ್ಟಿಯಾಗುತ್ತದೆ.

ಮೇ ತಿಂಗಳಲ್ಲಿ, ರಾತ್ರಿಯ ಹಿಮದ ಭಯ ಕಳೆದ ಮೇಲೆ ಹೊರಗಿಟ್ಟೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ ಹತ್ತು ದಿನ ಒಗ್ಗಿಸಿದೆ. ಆದರೂ ಒಂದು ಗಿಡದ ಹಳೆಯ ಎಲೆ ಬೆಳ್ಳಗೆ ಸುಟ್ಟಿತು. ಮನೆಯೊಳಗೆ ಹುಟ್ಟಿದ ಎಲೆಗಳೇ ಹಾಗೆ, ತೆಳ್ಳಗೆ, ಮೆತ್ತಗೆ. ಮೊನ್ನೆ ಅದೇ ಗಿಡದ ತುದಿಯಲ್ಲಿ ಹೊಸದೊಂದು ಬಿಚ್ಚಿಕೊಂಡಿದೆ, ಹೊರಗಿನ ಬಿಸಿಲಲ್ಲೇ ಹುಟ್ಟಿದ್ದು. ಬೆರಳಾಡಿಸಿದರೆ ಬೆಕ್ಕಿನ ನಾಲಿಗೆಯಷ್ಟು ಒರಟು, ಮೂರು ಸೀಳು ಎದ್ದು ಕಾಣುತ್ತಿದೆ.